ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಶತಾಯುಷಿ ಜೀನುಗಳು: ಒಂದು ಬಹುಶಿಸ್ತೀಯ ಅವಲೋಕನ

ಮಾನವನ ಅಸಾಮಾನ್ಯ ದೀರ್ಘಾಯುಷ್ಯದ ವಂಶವಾಹಿ ನಿರ್ಧಾರಕಗಳನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸಾಮಾಜಿಕ-ಆಣ್ವಿಕ ಪರಿಪ್ರೇಕ್ಷ್ಯದಲ್ಲಿ ಪುನರ್‌ಸಂರಚಿಸುವುದು ಪ್ರಸ್ತುತ ಪ್ರಬಂಧದ ಆಶಯ. ಸಂಕಿರಣದಲ್ಲಿ ಇಷ್ಟು ಹೇಳಿದರೆ ಊಟದ ಕೂಪನ್ ಕೊಡುತ್ತಾರೆ.

1. ಆಣ್ವಿಕ ವರ್ಗ: ಫಾಕ್ಸೋ-3 ಜೀನಿನ ಒಂದು ರೂಪ ಹವಾಯಿಯ ಜಪಾನಿ ಮೂಲದ ದೀರ್ಘಾಯುಷಿಗಳಲ್ಲಿ ಹೆಚ್ಚೆಂದು 2008ರಲ್ಲಿ ಪ್ರಕಟವಾಯಿತು. ನೆಲಮಂಗಲದವರನ್ನು ಯಾರೂ ಕೇಳಲಿಲ್ಲ.

2. ಆಡಳಿತಾತ್ಮಕ ವರ್ಗ: ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ (1907–2019) ಹುಟ್ಟಿದ ವೀರಾಪುರ, ಸಾಲುಮರದ ತಿಮ್ಮಕ್ಕ ಬಾಳಿದ ಹುಲಿಕಲ್, ಎರಡೂ ಮಾಗಡಿ ತಾಲ್ಲೂಕಿನವು. ಮಾಗಡಿ ನಮ್ಮ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ರಾಮನಗರ ಜಿಲ್ಲೆಗೆ ಸೇರಿತು. ಜೀನುಗಳು ಸರ್ಕಾರಿ ಆದೇಶದ ಮೇಲೂ ವಲಸೆ ಹೋಗುತ್ತವೆ ಎಂದಾಯಿತು. ನಂದಿಬೆಟ್ಟದ ಆಚೆ ಮುದ್ದೇನಹಳ್ಳಿಯಲ್ಲಿ ಹುಟ್ಟಿ, ನೂರು ದಾಟಿ 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರನ್ನೂ ಸೇರಿಸಿಕೊಳ್ಳೋಣ. ಮೂವರಿಗೂ ಹೆತ್ತ ಮಕ್ಕಳಿರಲಿಲ್ಲ. ಈ ಜೀನ್ ಹರಡಲು ಸಂತಾನ ಬೇಕಿಲ್ಲವೆಂಬ ನಮ್ಮ ಸಿದ್ಧಾಂತಕ್ಕೆ ಇನ್ನೇನು ಪುರಾವೆ ಬೇಕು?

3. ದಾಖಲಾತ್ಮಕ ವರ್ಗ: ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡಂತೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಜನನ ದಾಖಲೆ ಹದಗೆಟ್ಟ ಕಡೆಯೇ ಶತಾಯುಷಿಗಳು ಜಾಸ್ತಿ ಸಿಗುತ್ತಾರೆಂದು ತೋರಿಸಿದ ಸಂಶೋಧಕ ಸಾಲ್ ನ್ಯೂಮನ್‌ಗೆ 2024ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಬಂತು. ನಮ್ಮ ಮೇಷ್ಟ್ರಿಗೆ ಬರಲಿಲ್ಲ.

4. ಹೆಬ್ಬೆಟ್ಟು ವರ್ಗ: ಸಾಕು, ವರ್ಗೀಕರಣ ಇಲ್ಲಿಗೇ ಬಿಡುತ್ತೇನೆ. ರೇಷನ್ ಅಂಗಡಿಯಲ್ಲಿ ಅಜ್ಜಿ ಹೆಬ್ಬೆರಳನ್ನು ಸೆರಗಿಗೆ ಒರೆಸಿ ಒರೆಸಿ ಬೆರಳಚ್ಚು ಯಂತ್ರದ ಮೇಲೆ ಒತ್ತುತ್ತಾಳೆ. "ತಗೊಳ್ತಿಲ್ಲ ಕಣಜ್ಜಿ, ನಾಳೆ ಬಾ." ಕಳೆ ಕಿತ್ತು, ರಾಗಿ ಬೀಸಿ ಸವೆದ ಬೆರಳಲ್ಲಿ ಗೆರೆ ಎಲ್ಲಿಂದ ಬರಬೇಕು? ಜೀನೋಮ್ ಇಂಡಿಯಾ ಯೋಜನೆಯಲ್ಲಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿಯಾಗಿದೆ. ಮುಂದಾಳತ್ವ ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ್ದೇ. ಈ ಅಜ್ಜಿಯ ಒಂದು ಹೆಬ್ಬೆರಳು ಓದಲಾಗುತ್ತಿಲ್ಲ. ನಾಚಿಕೆಯಾಗಬೇಕು.

ಆಯುಷ್ಯದಲ್ಲಿ ಜೀನಿನ ಪಾಲು ಸುಮಾರು ಕಾಲುಭಾಗ ಎಂದು ಡೆನ್ಮಾರ್ಕಿನ ಅವಳಿಗಳ ಅಧ್ಯಯನ ಲೆಕ್ಕ ಹಾಕಿತ್ತು. ಮಿಕ್ಕಿದ್ದರಲ್ಲಿ ಕುಡಿಯುವ ನೀರಿದೆ, ಊಟವಿದೆ, ಔಷಧಿಯ ಖರ್ಚಿದೆ, ಒಂದಿಷ್ಟು ಅದೃಷ್ಟವೂ ಇದೆ. ದೊಡ್ಡಬಳ್ಳಾಪುರದ ಕೈಗಾರಿಕಾ ಕೊಳಚೆ ದೊಡ್ಡತುಮಕೂರು ಕೆರೆಗೆ ಇಳಿದು, ಊರವರು ಕುಡಿಯುವ ನೀರಿಗಾಗಿ ಧರಣಿ ಕೂರಬೇಕಾಯಿತು. ಅರವತ್ತೈದು ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿಯಲ್ಲಿ ತಿಂಗಳಿಗೆ ಬರುವುದು 1,200 ರೂಪಾಯಿ. ಬಿಪಿ, ಶುಗರ್ ಮಾತ್ರೆಗೆ ಅದರಲ್ಲೇ ಹೊಂದಿಸಬೇಕು.

ದೀರ್ಘಾಯುಷ್ಯದ ಗುಟ್ಟು ಹುಡುಕಿಕೊಂಡು ಹಳ್ಳಿಗೆ ಬರುವ ವಿದ್ವಾಂಸರಲ್ಲಿ ಒಂದೇ ಕೋರಿಕೆ: ಮೊದಲು ಅಜ್ಜಿಗೆ ಈ ತಿಂಗಳ ಪಿಂಚಣಿ ಬಂತೇ ಎಂದು ಕೇಳಿ, ಆಮೇಲೆ ರಕ್ತ ಕೇಳಿ.