ಉತಾರ ಇಲ್ಲದವರ ಪಾಲು

ಮಳೆ ಜೋರಾದ ಕೂಡಲೇ ನಮ್ಮ ಧಾರವಾಡದ ಓಣಿಗೆ ನೆಗಡಿ, ಅದರ ಹಿಂದೆಯೇ ನೆರೆ ಪರಿಹಾರದ ಪಟ್ಟಿ-ವಂತಿಗೆ ಕೇಳುವವರು ಬರುತ್ತಾರೆ. ಈ ಸಲ ಒಂದೇ ವಾರದಲ್ಲಿ ಎರಡು ತಂಡ. ಕಾಂಪೌಂಡಿನ ಆಚೆ ಸೀರೆ ಹಿಂಡುತ್ತಿದ್ದ ವೈನಿ ಕೇಳಿದರು: “ಅಲ್ರೀ, ಸರಕಾರ ಏನೂ ಕೊಡೂದಿಲ್ಲೇನು?”

“ಕೊಡ್ತದ ವೈನಿ. ಅಳದು ತೂಗಿ ಕೊಡ್ತದ.”

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ಬಿದ್ದ ಮನೆಗಳಿಗೂ ಶಾಲೆ ಮಕ್ಕಳ ಹಾಗೆ ಗ್ರೇಡು ಸಿಕ್ಕಿತ್ತು: ಎ, ಬಿ, ಸಿ. ಪೂರ್ತಿ ಬಿದ್ದರೆ 5 ಲಕ್ಷ, ಅಲ್ಪಸ್ವಲ್ಪ ಬಿದ್ದರೆ 50 ಸಾವಿರ. ಒಂದು ಗೋಡೆ ಹಟ ಹಿಡಿದು ನಿಂತುಬಿಟ್ಟರೆ ಮನೆಯವರಿಗೆ ಅದೇ ಶತ್ರು. ಬರದ್ದೂ ಇದೇ ಹಾಡು. 2023ರಲ್ಲಿ 223 ತಾಲ್ಲೂಕು ಬರಪೀಡಿತ ಅಂತಾಯಿತು. ರಾಜ್ಯ ಕೇಳಿದ್ದು 18,171 ಕೋಟಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಮಳೆಯಾಶ್ರಿತ ಹೊಲಕ್ಕೆ ಆಗಿನ ನಿಯಮದ ಪ್ರಕಾರ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರ್‌ವರೆಗೆ ಮಾತ್ರ. ಎಕರೆ ಲೆಕ್ಕಕ್ಕೆ ಮೂರೂವರೆ ಸಾವಿರವೂ ಪೂರ್ತಿ ಆಗೋದಿಲ್ಲ.

“ಅಷ್ಟರ ಮುಟ್ಟಿತಲ್ಲ” ಅಂದರು ವೈನಿ.

ಯಾರಿಗೆ ಮುಟ್ಟಿತು ಅನ್ನೋದೇ ಪ್ರಶ್ನೆ. ನಮಗೆ ಹಾಲು ಹಾಕುವವನ ಅಣ್ಣ ಮಲಪ್ರಭಾ ದಂಡೆಯಲ್ಲಿ ಲಾವಣಿ ಹೊಲ, ಅಂದರೆ ಗೇಣಿ ಹೊಲ, ಮಾಡುತ್ತಾನೆ. ಬೀಜ ಅವನದು, ಗೊಬ್ಬರ ಅವನದು, ನೀರಲ್ಲಿ ನಿಂತು ಕೊಳೆತ ಗೋವಿನಜೋಳವೂ ಅವನದೇ. ಪರಿಹಾರ ಜಮಾ ಆದದ್ದು ಹುಬ್ಬಳ್ಳಿಯಲ್ಲಿರುವ ಮಾಲೀಕರ ಖಾತೆಗೆ. ಉತಾರದಲ್ಲಿ (ಪಹಣಿಯಲ್ಲಿ) ಇರುವುದು ಅವರ ಹೆಸರಲ್ಲವೇ? ತಲಾಟಿಯನ್ನು ಬೈದು ಪ್ರಯೋಜನವಿಲ್ಲ, ಅವರ ಮುಂದಿನ ಕಾಗದದಲ್ಲಿ ಈ ಮನುಷ್ಯನೇ ಇಲ್ಲ.

“ಹಂಗಾರ ಅಂಥವರಿಗೆ ನನ್ನ ಹಳೇ ಸೀರಿ ಕೊಡ್ಲೇನು? ಒಂದು ಗಂಟು ಅದಾವ.”

“ಬ್ಯಾಡ್ರಿ ವೈನಿ.” 2004ರ ಸುನಾಮಿ ಆದಾಗ ತಮಿಳುನಾಡಿನ ರಸ್ತೆ ಬದಿ ಹಳೆ ಬಟ್ಟೆ ರಾಶಿ ರಾಶಿ ಬಿದ್ದಿತ್ತು. ಗೂಂಜ್ ಸಂಸ್ಥೆಯವರು ಅದನ್ನು ಆರಿಸಿ, ವಿಂಗಡಿಸಿ ಬಳಕೆಗೆ ತರಬೇಕಾಯಿತು. ನಮ್ಮ ಕಪಾಟು ಖಾಲಿಯಾದದ್ದೇ ಲಾಭ.

ರೊಕ್ಕ ಕೊಡುವಾಗ ರಶೀದಿ ಕೇಳಲೇಬೇಕು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ದೇಣಿಗೆಯ ತೆರಿಗೆ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿ ಹಿಡಿದವರಿಗೆ ಹೇಗೆ ಕೊಟ್ಟರೂ ಇಲ್ಲ. ಆದರೆ ರಶೀದಿಯಿಂದ ತಿಳಿಯುವುದು ಹಣ ಕೇಳಿದವರ ಕೈ ಸೇರಿತು ಅಂತ ಮಾತ್ರ. ಅದಕ್ಕೇ ಬಂದ ಎರಡೂ ತಂಡಕ್ಕೆ ಒಂದೇ ಮಾತು ಕೇಳಿದೆ: ಉತಾರ ಇಲ್ಲದವರಿಗೆ ಏನು ಮಾಡುತ್ತೀರಿ?

ಮೊದಲಿನವರು ಮೊಬೈಲ್ ತೆಗೆದು ಬ್ಯಾನರ್ ಕಟ್ಟಿದ ಲಾರಿ, ನೀರಿನ ಬಾಟಲಿ, ಹೂಮಾಲೆ ತೋರಿಸಿದರು. ಎರಡನೆಯವರು ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು. ಕೈಚೀಲದಿಂದ ನೋಟ್‌ಬುಕ್ ತೆಗೆದರು: ಲಾವಣಿ ಮಾಡುವವರು, ಕೂಲಿಯವರು, ತೀರಿಹೋದ ಮಾವನ ಹೆಸರಲ್ಲೇ ಹೊಲ ಉಳಿದ ವಿಧವೆಯರು. ಯಾರಿಗೆ ಹಿಂಗಾರಿಗೆ ಕಡಲೆ ಬೀಜ, ಯಾರಿಗೆ ವಾರಸಾ ಮಾಡಿಸಲು ನೆರವು, ಎಲ್ಲ ಬರೆದಿತ್ತು. ನನ್ನ ವಂತಿಗೆ ಅವರಿಗೇ ಹೋಯಿತು.

ವೈನಿಯೂ ಐನೂರು ಕೊಟ್ಟರು. ಸೀರೆ ಹರವುತ್ತ ಅಂದರು: “ನಾವು ಕೊಟ್ಟೀವಂತ ಸರಕಾರದವರನ್ನ ಬಿಡಬ್ಯಾಡ್ರಿ ಮತ್ತ. ಅವರಿಗೆ ತೆರಿಗಿ ಕೊಟ್ಟೀವಿ, ಅದಕ್ಕೂ ಲೆಕ್ಕ ಕೇಳೂದದ.”