ನೆಲ ಮುಟ್ಟದ ಸ್ಟೆಪ್ನಿಯವರಿಗೆ

ನಮ್ಮ ಜೀಪಿನ ಬೆನ್ನಿಗೆ ಹದಿನಾರು ವರ್ಷ ಆತುಕೊಂಡಿದ್ದ ಶ್ರೀಯುತ ಸ್ಟೆಪ್ನಿಯವರ ಸನ್ನಿಧಿಗೆ ಕೊಪ್ಪ ಸೀಮೆಯ ಅಡಿಕೆ ತೋಟದವನೊಬ್ಬ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ. ಹೀಗೆ ಬರೆದದ್ದು ರೂಢಿಗೆ ಮಾತ್ರ. ನಿಮ್ಮ ಕುಶಲ ನೆಟ್ಟಗಿಲ್ಲವೆಂಬುದು ನಿಮಗೆ ಮೊದಲೇ ಗೊತ್ತಿತ್ತು, ನನಗೆ ಕಳೆದ ಪುನರ್ವಸು ಮಳೆಯಲ್ಲಿ ಗೊತ್ತಾಯಿತು. ಪತ್ರವನ್ನು ಬಹಿರಂಗ ಮಾಡಿದ್ದಕ್ಕೆ ಬೇಸರಿಸಬೇಡಿ. ಇಷ್ಟು ವರ್ಷ ಊರಿಗೆಲ್ಲ ಕಾಣುವ ಹಾಗೆ ಹಿಂದುಗಡೆ ತೂಗಿಕೊಂಡಿದ್ದವರಿಗೆ ಮುಚ್ಚಿಡುವುದೇನಿದೆ?

ಆ ದಿನದ ಸಂಗತಿಯನ್ನು ಮೊದಲು ಹೇಳಿ ಮುಗಿಸುತ್ತೇನೆ. ಮೂರು ದಿನ ಹಿಡಿದ ಮಳೆ ಬೆಳಿಗ್ಗೆ ಬಿಟ್ಟು ಹೊಳವಾಗಿತ್ತು. ಕೊಳೆ ರೋಗಕ್ಕೆ ಎರಡನೇ ಔಷಧಿ ಹೊಡೆಯಬೇಕಾದವನಿಗೆ ಇಂಥ ಹೊಳವು ಸಿಕ್ಕುವುದೇ ಪುಣ್ಯ. ಮೈಲುತುತ್ತ, ಸುಣ್ಣ, ಡ್ರಮ್ಮು, ದೋಟಿ, ಕೊನೆಗಾರ ಎಲ್ಲವನ್ನೂ ಎಲ್ಲರನ್ನೂ ತುಂಬಿಕೊಂಡು ಹಳ್ಳದ ಏರು ಹತ್ತುತ್ತಿದ್ದಾಗ ಬಿದಿರಿನ ಕೂಳೆಯೊಂದು ಹಿಂದಿನ ಎಡಚಕ್ರದ ಪಕ್ಕೆಗೆ ಹೊಕ್ಕಿತು. ಜಾಕ್ ಕೆಸರಿನಲ್ಲಿ ಹೂತುಹೋಗದ ಹಾಗೆ ಅಡಿಗೆ ಹಲಗೆ ಕೊಟ್ಟು, ನಿಮ್ಮನ್ನು ಕೆಳಗಿಳಿಸಿದೆವು. ಏನು ಕಳೆ, ಏನು ಗತ್ತು! ಒಂದು ಹಲ್ಲೂ ಸವೆದಿರಲಿಲ್ಲ. ಉಳಿದ ನಾಲ್ವರು ನಿಮ್ಮ ಜೊತೆಗೇ ಒಂದೇ ಬಿಲ್ಲಿನಲ್ಲಿ ಮನೆಗೆ ಬಂದವರು, ಅರ್ಧ ಸವೆದು ಮುದುಕರಾಗಿದ್ದರು. ನೀವು ಮಾತ್ರ ದಿಬ್ಬಣಕ್ಕೆ ಹೊರಟ ಮದುಮಗನ ಹಾಗಿದ್ದಿರಿ. ಐದು ನಟ್ಟು ಬಿಗಿದು ಹೊರಟೆವು. ಎರಡು ಫರ್ಲಾಂಗು ಹೋಗಿದ್ದೇವೋ ಇಲ್ಲವೋ, ನಿಮ್ಮ ಪಕ್ಕೆಯಲ್ಲಿ ತೆಂಗಿನಕಾಯಿ ಗಾತ್ರದ ಹೊಟ್ಟೆ ಬಂತು. ಮುಂದಿನ ತಿರುವಿನಲ್ಲಿ ಅದು ಒಡೆದ ಸದ್ದಿಗೆ ತೋಟದ ಮಂಗಗಳೆಲ್ಲ ಖಾಲಿ. ಮಂಗ ಓಡಿಸಲು ವರ್ಷಗಟ್ಟಲೆ ಪಟಾಕಿಗೆ ಸುರಿದ ದುಡ್ಡು ನೆನಪಾಯಿತು.

ಕೊನೆಗಾರ ಕೆಳಗಿಳಿದು ನಿಮ್ಮನ್ನು ಒಂದು ಸುತ್ತು ನೋಡಿ, "ಅಯ್ಯಾ, ಇದು ನೋಡಕ್ ಮಾತ್ರ ಹೊಸ್ದು" ಎಂದ. ಔಷಧಿಯ ಸಾಮಾನು ತಲೆಹೊರೆಯಲ್ಲಿ ತೋಟ ಸೇರುವ ಹೊತ್ತಿಗೆ ಪುನರ್ವಸುವಿಗೆ ತನ್ನ ಕೆಲಸ ನೆನಪಾಗಿತ್ತು.

ಸಂಜೆ ನಿಮ್ಮ ಒಳಮಗ್ಗುಲನ್ನು ಬಟ್ಟೆಯಲ್ಲಿ ಒರೆಸಿದಾಗ ನಿಮ್ಮ ಜಾತಕ ಸಿಕ್ಕಿತು. ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ: 1109. ಮೊದಲೆರಡು ವಾರ, ಕೊನೆಯೆರಡು ವರ್ಷ. ಎಂದರೆ ನಿಮ್ಮ ಜನನ 2009ನೇ ಇಸವಿಯ ಹನ್ನೊಂದನೇ ವಾರ, ಮಾರ್ಚ್ ತಿಂಗಳು. 2000ದಿಂದ ಈಚೆಗೆ ಹುಟ್ಟಿದ ಟಯರುಗಳಿಗೆಲ್ಲ ಹೀಗೆ ನಾಲ್ಕಂಕಿಯ ಜಾತಕ ಉಂಟು. ಮದುವೆಗೆ ಮೊದಲು ಜಾತಕ ಕೇಳುವ ಜನ ನಾವು, ಹೋದ ಕಡೆಯೆಲ್ಲ ಜೀವವನ್ನು ಹೊರುವ ಟಯರಿನದನ್ನು ಕೇಳಿದವರಲ್ಲ. ಅಂಗಡಿಯವನೂ ಆ ಮಗ್ಗುಲನ್ನು ಒಳಗೆ ಮಾಡಿ ಕೂಡಿಸಿದ್ದ. ಬೇಕೆಂದೇ ಮಾಡಿದ ಎನ್ನಲಾರೆ, ಹೊರಗೆ ಮಾಡಿದ್ದರೂ ನಾನು ಓದುತ್ತಿರಲಿಲ್ಲ.

ನನ್ನ ತಪ್ಪು ಲೆಕ್ಕದ್ದು. ನಮ್ಮ ಜೀಪು ವರ್ಷಕ್ಕೆ ಓಡುವುದು ಹೆಚ್ಚೆಂದರೆ 1400 ಕಿಲೋಮೀಟರು. ಮೀಟರು ಸತ್ತು ಎಷ್ಟೋ ಕಾಲವಾಯಿತು, ಇದು ಡೀಸೆಲ್ ಚೀಟಿಗಳಿಂದ ತೆಗೆದ ಲೆಕ್ಕ. ಮನೆಯಿಂದ ತೋಟ, ತೋಟದಿಂದ ಸೊಪ್ಪಿನಬೆಟ್ಟ, ವಾರಕ್ಕೊಮ್ಮೆ ಆರು ಕಿಲೋಮೀಟರಿನ ಪೇಟೆ, ಕೊಯ್ಲಿನಲ್ಲಿ ಗೊನೆ, ಬೇಸಿಗೆಯಲ್ಲಿ ಗೊಬ್ಬರ. ಇಷ್ಟು ಕಮ್ಮಿ ಓಡುವ ಗಾಡಿಯ ಟಯರು ಸವೆಯುವುದೆಂದು? ಸವೆಯದ ಮೇಲೆ ಬದಲಿಸುವುದೇಕೆ? ಎಲೆಯಡಿಕೆ ಹಾಕಿಕೊಂಡು ಜಗುಲಿಯಲ್ಲಿ ಕೂತು ಮಾಡಿದ ಈ ತರ್ಕಕ್ಕೆ ಒಂದು ಬಿರುಕೂ ಇರಲಿಲ್ಲ. ಬಿರುಕೆಲ್ಲ ನಿಮ್ಮ ಮೈಮೇಲಿತ್ತು.

ರಬ್ಬರಿಗೆ ಕಿಲೋಮೀಟರ್ ತಿಳಿಯದು, ಅದಕ್ಕೆ ತಿಳಿದಿರುವುದು ಪಂಚಾಂಗ. ಗಾಳಿಯ ಓಜೋನ್ ರಬ್ಬರನ್ನು ಸಣ್ಣಗೆ ಸೀಳುತ್ತದೆ, ಆಮ್ಲಜನಕ ಅದನ್ನು ಗಡುಸು ಮಾಡುತ್ತದೆ, ಬಿಸಿಲು ಎರಡಕ್ಕೂ ಕುಮ್ಮಕ್ಕು ಕೊಡುತ್ತದೆ. ಇದನ್ನು ತಡೆಯಲೆಂದೇ ಟಯರು ಮಾಡುವವರು ರಬ್ಬರಿನೊಳಗೆ ಮೇಣವನ್ನೂ ಓಜೋನ್ ತಡೆಯುವ ಮದ್ದನ್ನೂ ಕಲಸಿರುತ್ತಾರೆ. ಚಕ್ರ ಉರುಳುವಾಗ ಪಕ್ಕೆ ಬಾಗುತ್ತದೆ, ನೆಟ್ಟಗಾಗುತ್ತದೆ, ಆ ಬಾಗಾಟಕ್ಕೆ ಒಳಗಿನ ಮೇಣ ಮೈಮೇಲೆ ಬಂದು ತೆಳ್ಳಗೆ ಹರಡುತ್ತದೆ. ಕೆಸರು ತುಳಿದ ನಿಮ್ಮ ನಾಲ್ವರು ಒಡಹುಟ್ಟಿದವರಿಗೆ ವಾರವಾರವೂ ಅಭ್ಯಂಜನವಾಗಿದೆ. ಪಡುವಣ ಬಿಸಿಲಿಗೆ ಬೆನ್ನುಕೊಟ್ಟು ಶೆಡ್ಡಿನಲ್ಲಿ ಕೂತ ನಿಮಗೆ ಹದಿನಾರು ದೀಪಾವಳಿಯಲ್ಲಿ ಒಂದು ಎಣ್ಣೆಸ್ನಾನವೂ ಇಲ್ಲ. ದುಡಿದವರು ಸವೆದರು, ಕೂತ ನೀವು ಸೀಳಿಹೋದಿರಿ.

ಜೊತೆಗೆ ನನ್ನದೇ ಒಂದು ಅಪರಾಧ ಉಂಟು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಿ ಮಾಡುವ ಬೋರ್ಡೋ ದ್ರಾವಣ ನಮ್ಮ ಅಡಿಕೆಗೆ ಅಮೃತ. ಅದರ ತಾಮ್ರ ರಬ್ಬರಿಗೆ ವಿಷ, ಮುಪ್ಪನ್ನು ಬೇಗ ಕರೆತರುತ್ತದೆ. ಪಕ್ಕದ ಎನ್.ಆರ್. ಪುರದ ಕಡೆ ರಬ್ಬರು ಬೆಳೆಯುವವರು ಮರಕ್ಕೆ ತಾಮ್ರದ ಔಷಧಿ ಹೊಡೆದಾಗ ಅದು ಹಾಲಿಗೆ ಬೀಳದಂತೆ ನೋಡಿಕೊಳ್ಳುವುದು ಇದಕ್ಕೇ. ನಾನೋ, ತುಳುಕುವ ಡ್ರಮ್ಮನ್ನು ವರ್ಷಕ್ಕೆರಡು ಸಲ ನಿಮ್ಮ ನೆತ್ತಿಯ ಮೇಲೇ ಇಟ್ಟು ಸಾಗಿಸಿದೆ. ನಿಮ್ಮ ಬಿರುಕಿನಲ್ಲಿ ಬಿಸಿಲಿನ ಪಾಲೆಷ್ಟು, ತಾಮ್ರದ ಪಾಲೆಷ್ಟು ಎಂದು ಪಾಲುಪಟ್ಟಿ ಮಾಡುವ ಗೋಜಿಗೆ ಹೋಗಲಿಲ್ಲ. ಈ ಸೀಮೆಯಲ್ಲಿ ಪಾಲುಪಟ್ಟಿಗಳು ಕೋರ್ಟಿಗೆ ಹೋಗದೆ ಮುಗಿದದ್ದು ಕಮ್ಮಿ.

ಐವರನ್ನೂ ಬದಲಿಸುವುದೆಂದು ನಿಶ್ಚಯಿಸಿ ಪೇಟೆಗೆ ಹೋದೆ. ಅಂಗಡಿಯ ಹುಡುಗ ಬಹಳ ವಿನಯಸ್ಥ. "ಇದು ತಗೊಳ್ಳಿ ಸಾರ್, ಆರಾಮಾಗಿ ಅರವತ್ತು ಸಾವಿರ ಕಿಲೋಮೀಟರ್ ಬರುತ್ತೆ" ಎಂದ. ಬಾಯಲ್ಲೇ ಭಾಗಿಸಿ ನೋಡಿದೆ: ನಲವತ್ತೆರಡು ವರ್ಷ ಚಿಲ್ಲರೆ. ಆ ಟಯರು ಸವೆಯುವುದನ್ನು ಕಾಣಬೇಕಾದರೆ 2068ರ ತನಕ, ನನ್ನ ನೂರೈದನೇ ವಯಸ್ಸಿನ ತನಕ, ನಾನು ಸ್ಟೀರಿಂಗ್ ಬಿಡುವ ಹಾಗಿಲ್ಲ. ಟಯರು ಮಾಡುವವರಲ್ಲೇ ಕೆಲವರು ಐದು ವರ್ಷವಾದ ಮೇಲೆ ವರ್ಷವರ್ಷ ತೋರಿಸಿ, ಹತ್ತು ದಾಟಿಸಬೇಡಿ ಎನ್ನುತ್ತಾರೆ. ಎಂದರೆ ನಾನು ಕಾಸು ಕೊಡಬೇಕಾದದ್ದು ಹತ್ತು ವರ್ಷಕ್ಕೆ, ಹದಿನಾಲ್ಕು ಸಾವಿರ ಕಿಲೋಮೀಟರಿಗೆ. ಉಳಿದ ನಲವತ್ತಾರು ಸಾವಿರ ಯಾರ ಉತ್ತರಕ್ರಿಯೆಗೆ?

ಹುಡುಗ ಸೋಲಲಿಲ್ಲ. ಅಟ್ಟದಿಂದ ಒಂದು ಜೊತೆ ಇಳಿಸಿ "ಇದಕ್ಕೆ ಡಿಸ್ಕೌಂಟ್ ಇದೆ" ಎಂದ. ಮಗ್ಗುಲು ತಿರುಗಿಸಿ ಜಾತಕ ಓದಿದೆ, ನಾಲ್ಕು ವರ್ಷ ಹಿಂದಿನದು. ದಿನವೂ ಓಡುವ ಬಾಡಿಗೆ ಗಾಡಿಯವನಿಗೆ ಅದು ಲಾಭವೇ ಆಗಬಹುದು, ಮುಪ್ಪು ಬರುವ ಮೊದಲೇ ಸವೆಸಿ ಬಿಸಾಡುತ್ತಾನೆ. ನನ್ನಂಥವನಿಗೆ ಅದು ಕಳೆದ ವರ್ಷದ ಪಂಚಾಂಗವನ್ನು ಅರ್ಧ ಬೆಲೆಗೆ ಕೊಂಡಂತೆ.

ಈ ನಡುವೆ ಬೆಂಗಳೂರಿನಿಂದ ತಂಗಿಯ ಮಗ ಫೋನಿನಲ್ಲಿ, "ಮಾವಾ, ಕಣ್ಣು ಮುಚ್ಕೊಂಡು ಮಡ್ ಟೆರೇನ್ ಹಾಕ್ಸಿ" ಎಂದ. ಅವನ ಬಳಿಯೂ ಒಂದು ಫೋರ್ ವೀಲ್ ಡ್ರೈವ್ ಉಂಟು. ಅದು ಕಂಡ ಅತ್ಯಂತ ಭೀಕರ ಕೆಸರು ಹೊರವರ್ತುಲ ರಸ್ತೆಯ ಮೆಟ್ರೋ ಕಾಮಗಾರಿಯದು. ಅವನ ಟಯರಿನ ಹಲ್ಲು ನೋಡಿದರೆ ಮೊಸಳೆಗೂ ನಾಚಿಕೆಯಾಗಬೇಕು. ಆದರೆ ಹಲ್ಲಿನ ಸಂದಿಗೆ ತುಂಬಿದ ಕೆಸರು ಸಿಡಿದು ಹೋಗಬೇಕಾದರೆ ಚಕ್ರ ಜೋರಾಗಿ ತಿರುಗಬೇಕು. ಗೊನೆ ಹೇರಿಕೊಂಡು ನಡಿಗೆಯ ವೇಗದಲ್ಲಿ ಏರುವ ನಮ್ಮ ಜೀಪಿನಲ್ಲಿ ಆ ಸಂದಿಗಳು ಹೂರಣ ತುಂಬಿದ ಹೋಳಿಗೆಯಾಗಿ ಕೂರುತ್ತವೆ. ಮಳೆ ಬಿದ್ದ ಟಾರು ರಸ್ತೆಯ ಪಾಡು ಬೇರೆಯೇ: ಸಂದಿ ಅಗಲವಾದಷ್ಟೂ ನೆಲಕ್ಕೆ ತಾಗುವ ರಬ್ಬರು ಕಮ್ಮಿ, ಬ್ರೇಕು ಹಿಡಿದರೆ ಗಾಡಿ ಮುಂದಿನ ಬಸ್ಸನ್ನು ಕೇಳಿಕೊಂಡು ನಿಲ್ಲಬೇಕು. ಜೊತೆಗೆ ಆ ಗುಂಯ್‌ಗುಡುವ ಸದ್ದು. ನಮ್ಮ ಜೀಪಿನಲ್ಲಿ ಸದ್ದು ಮಾಡದ ಭಾಗ ಇಷ್ಟು ದಿನ ಟಯರೊಂದೇ ಆಗಿತ್ತು.

"ಆಮೇಲೆ ಅಗಲದ್ದು ಹಾಕ್ಸಿ ಮಾವಾ, ಗ್ರಿಪ್ ಸಿಗುತ್ತೆ." ಮರಳಿನಲ್ಲಾದರೆ ಅವನ ಮಾತು ಸರಿ, ಅಗಲದ ಟಯರು ತೇಲುತ್ತದೆ. ನಮ್ಮಲ್ಲಿ ಮೇಲೆ ನಾಲ್ಕು ಬೆರಳು ಲೋಳೆ, ಅಡಿಗೆ ಗಟ್ಟಿ ಜಂಬಿಟ್ಟಿಗೆ. ಲೋಳೆಯ ಮೇಲೆ ತೇಲಿದರೆ ತೇಲಿಕೊಂಡೇ ಹಳ್ಳ ಸೇರಬೇಕು. ಲೋಳೆ ಸೀಳಿ ಕೆಳಗಿನ ಗಟ್ಟಿಗೆ ಕಾಲೂರಬೇಕಾದರೆ ಸಪೂರ ಟಯರೇ ಸರಿ. ನಮ್ಮ ಹಳೆಯ ಜೀಪಿನ 6.00-16, ಎಂದರೆ ಆರಿಂಚು ಅಗಲ, ಹದಿನಾರಿಂಚಿನ ರಿಮ್ಮು, ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಅಳತೆಯೂ ಹೌದು. ಆ ಸೈನ್ಯದ ಟಯರಿನ ಹಲ್ಲಿಗೆ ಹಿಂದು ಮುಂದು ಎಂಬ ಭೇದವಿರಲಿಲ್ಲ, ಎತ್ತ ಉರುಳಿದರೂ ಒಂದೇ ಹಿಡಿತ. ಹಳ್ಳದ ಏರನ್ನು ಅರ್ಧ ಹತ್ತಿ, ಜಾರಿ, ರಿವರ್ಸಿನಲ್ಲಿ ಇಳಿದು, ಮತ್ತೆ ಹತ್ತುವ ನಮ್ಮ ಯುದ್ಧತಂತ್ರಕ್ಕೆ ಇದಕ್ಕಿಂತ ಹೊಂದುವ ಟಯರಿಲ್ಲ. ಅದೇ ಮಾದರಿಯ ಹಲ್ಲು, ದಪ್ಪ ಪಕ್ಕೆ, ನೈಲಾನು ನೂಲಿನದು ಎಂದು ನಿಶ್ಚಯವಾಯಿತು. ರೇಡಿಯಲ್ ಟಾರಿನಲ್ಲಿ ಮೆತ್ತಗೆ ಹೋಗುತ್ತದೆ, ಒಪ್ಪಿದೆ. ಆದರೆ ಬಿದಿರಿನ ಕೂಳೆಗೆ ಬೇಕಾದದ್ದೇ ಆ ಮೆತ್ತನೆಯ ಪಕ್ಕೆ. ಪಕ್ಕೆ ಹರಿದರೆ ಒಳಗೆ ಗೇಟರ್ ಎಂಬ ತೇಪೆ ಇಟ್ಟು ಹೊಲಿದುಕೊಂಡು ಹೋಗುವ ಪಾಡು ನನಗೆ ಸಾಕಾಗಿದೆ.

ಹಣ ಎಣಿಸುವಾಗ ಜೊತೆಗೆ ಬಂದಿದ್ದ ಭಾವ ಪಿಸುಗುಟ್ಟಿದರು: ಎರಡೇ ಕೊಳ್ಳಿ, ಮುಂದಿನೆರಡು ಹಳೆಯದೇ ಇರಲಿ. ಕಾರಿಗೆ ನಡೆದೀತು. ಹಳೆಯ ಜೀಪಿನಲ್ಲಿ ಫೋರ್ ವೀಲ್ ಗೇರು ಹಾಕಿದ ಗಳಿಗೆಯಿಂದ ಹಿಂದಿನ ಅಚ್ಚೂ ಮುಂದಿನ ಅಚ್ಚೂ ಒಂದೇ ಲೆಕ್ಕದಲ್ಲಿ ಸುತ್ತಬೇಕು, ನಡುವೆ ರಾಜಿ ಮಾಡಿಸಲು ಯಾರೂ ಇಲ್ಲ. ಹೊಸ ಟಯರು ದೊಡ್ಡದು, ಸವೆದದ್ದು ಚಿಕ್ಕದು, ಸುತ್ತಳತೆಯಲ್ಲಿ ವ್ಯತ್ಯಾಸ. ಕೆಸರಿನಲ್ಲಾದರೆ ಜಾರಿ ಸರಿಹೋದೀತು. ಟಾರು ಬಿಡುವುದಿಲ್ಲ, ಜಗಳ ಗೇರುಪೆಟ್ಟಿಗೆಗೆ ಹೋಗುತ್ತದೆ. ಎರಡು ಟಯರಿನ ಉಳಿತಾಯದಲ್ಲಿ ಅದನ್ನು ರಿಪೇರಿ ಮಾಡಿಸಲಾಗದು.

ಬಿಲ್ಲು ಬಂತು. 2025ರ ಸೆಪ್ಟೆಂಬರಿನಿಂದ ಇಂಥ ಟಯರಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ ಎಂದು ಹುಡುಗ ಸಿಹಿಸುದ್ದಿ ಹೇಳಿದ. ಟ್ರ್ಯಾಕ್ಟರಿನ ಟಯರಿಗೆ ಶೇ. 5. ಗೊಬ್ಬರ ಹೊರುವ, ಗೊನೆ ಹೊರುವ, ಔಷಧಿ ಹೊರುವ ನಮ್ಮ ಜೀಪು ಕಾನೂನಿನ ಕಣ್ಣಿಗೆ ಇನ್ನೂ ಹವಾ ತಿನ್ನಲು ಹೊರಟ ಸಾಹೇಬರ ಗಾಡಿ. ಅದರ ಮೈ ನೋಡಿದ ಯಾವ ಅಧಿಕಾರಿಯೂ ಹಾಗೆನ್ನಲಾರ.

ಇನ್ನು ನಿಮ್ಮ ವಂಶದ ವಿಚಾರ. ನಿಮ್ಮ ಮೂಲಸ್ಥಾನ ವೇಲ್ಸಿನ ಲಾನೆಲ್ಲಿ ಊರಿನ ಸ್ಟೆಪ್ನಿ ಬೀದಿ. ಕಾರುಗಳಿಗೆ ಹೆಚ್ಚುವರಿ ಚಕ್ರವೇ ಇಲ್ಲದ ಕಾಲದಲ್ಲಿ, 1904ರಲ್ಲಿ, ಡೇವಿಸ್ ಸಹೋದರರು ಅಲ್ಲಿ ನಿಮ್ಮ ಮೂಲಪುರುಷನನ್ನು ಮಾಡಿದರು: ಅರೆಗಳಿಲ್ಲದ ಬರೀ ರಿಮ್ಮು, ಗಾಳಿ ತುಂಬಿದ ಟಯರು. ಪಂಕ್ಚರಾದ ಚಕ್ರವನ್ನು ಬಿಚ್ಚದೆ ಅದರ ಪಕ್ಕಕ್ಕೇ ಬಿಗಿದರೆ ಸಾಕಿತ್ತು. ಎಂದರೆ ನಿಮ್ಮ ಹಿರಿಯರು ಗಾಯಗೊಂಡವನ ಹೆಗಲಿಗೆ ಹೆಗಲು ಕೊಟ್ಟು ಓಡಿದವರು. ಬೀದಿಯ ಹೆಸರು ಹಡಗು ಹತ್ತಿ ಬಂದು ನಮ್ಮಲ್ಲಿ ನಿಂತಿತು, ಓಡುವ ಅಭ್ಯಾಸ ದಾರಿಯಲ್ಲೆಲ್ಲೋ ಬಿದ್ದುಹೋದಂತಿದೆ.

ನಿಮ್ಮ ಜಾಗಕ್ಕೆ ಬಂದವರಿಗೆ ಕೂತೇ ಇರುವ ಸವಲತ್ತಿಲ್ಲ. ವರ್ಷಕ್ಕೊಮ್ಮೆ, ಕೊನೆಕೊಯ್ಲು ಮುಗಿದ ಮೇಲೆ, ಐವರೂ ಸರದಿಯಲ್ಲಿ ಜಾಗ ಬದಲಿಸಬೇಕೆಂದು ಶೆಡ್ಡಿನ ಗೋಡೆಗೆ ಸುಣ್ಣದಲ್ಲಿ ಬರೆದಾಗಿದೆ. ಬಿಸಿಲಿಗೆ ಗೋಣಿಪರದೆ ಬಂದಿದೆ, ಡ್ರಮ್ಮು ಮುಂದಕ್ಕೆ ಸರಿದಿದೆ. ನಾಲ್ವರು ಮುದುಕರನ್ನು ಗುಜರಿಯವನು ಒಯ್ದ. ನಿಮ್ಮನ್ನು ಅಂಗಳದ ಮೂಲೆಗೆ ಎಸೆಯಬಹುದಿತ್ತು, ಆದರೆ ಟಯರಿನಲ್ಲಿ ನಿಂತ ಮಳೆನೀರು ಡೆಂಗೆ ಸೊಳ್ಳೆಗೆ ಹೆರಿಗೆಮನೆ. ಅದಕ್ಕೆ ನಿಮ್ಮ ಅಡಿಗೆ ಮೂರು ತೂತು ಕೊರೆದು, ಬಿರುಕು ಬಿಡದ ಮಗ್ಗುಲು ನೋಡಿ ಹಗ್ಗ ಬಿಗಿದು, ಹಿತ್ತಿಲ ಹಲಸಿನ ಕೊಂಬೆಗೆ ಕಟ್ಟಿದ್ದೇವೆ. ಈ ಬೇಸಿಗೆ ರಜಕ್ಕೆ ಮೊಮ್ಮಕ್ಕಳು ಬರುತ್ತಾರೆ. ನೆಲ ಈಗಲೂ ಎರಡಡಿ ಕೆಳಗೇ ಇದೆ, ಗಾಬರಿಯಾಗಬೇಡಿ.

ಇತಿ ನಿಮ್ಮ ವಿಶ್ವಾಸಿ,
ತಲೆಹೊರೆಯಲ್ಲಿ ಮೈಲುತುತ್ತ ಹೊತ್ತವನು