ಎಳೆ ಕಡಿದ ಗೋಡೆ

ಭೂಮಿಹುಣ್ಣಿಮೆಗೆ ಇನ್ನು ನಾಲ್ಕೇ ದಿನ. ಆಚೆಮನೆ ಅಕ್ಕ ಕಟ್ಟೆ ಮೇಲೆ ಹಬ್ಬದ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ದೊಡ್ಡದೊಂದು, ಚಿಕ್ಕದೊಂದು. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿಯಾಗಿತ್ತು. ಈಗ ಪುಂಡಿನಾರಿನ ಕುಂಚ ಹಿಡಿದು, ಅರೆದ ಅಕ್ಕಿಯ ಬಿಳಿಯಲ್ಲಿ ಎಳೆ ಹಾಕುತ್ತಿದ್ದಳು. ನಾನು ರಾತ್ರಿ ಬಸ್ಸಿಗೆ ಬೆಂಗಳೂರಿನಿಂದ ಬಂದು ಬೆಳಿಗ್ಗೆ ದಾಸವಾಳದ ಬೇಲಿ ಹತ್ತಿರ ಚಹಾ ಲೋಟ ಹಿಡಿದು ನಿಂತಿದ್ದೆ.

"ಬಂದ್ಯನಾ ತಮ್ಮಾ? ಅಣ್ಣನ ಮಗಳ ನಿಶ್ಚಯ ಚೆಂದಾತನಾ? ದೊಡ್ಡ ಹೋಟ್ಲಲ್ಲಿ ಅಂತಿದ್ರಲ್ಲ. ಊಟ ಹೆಂಗಿತ್ತು?"

ದಾಸನಕೊಪ್ಪದಲ್ಲಿ ಹೋಟ್ಲು ಅಂದರೆ ಊಟ, ತಿಂಡಿ, ಚಹಾ. ಉಳಿಯುವ ಜಾಗಕ್ಕೆ ಲಾಡ್ಜು ಅನ್ನುವುದು, ಅದಕ್ಕೆ ಸಿರಸಿಗೆ ಹೋಗಬೇಕು. ಒಂದೇ ಕಟ್ಟಡದಲ್ಲಿ ಊಟ, ನಿದ್ದೆ, ಮದುವೆ, ಸ್ನಾನದ ಕೊಳ, ಅಂಗಡಿ ಎಲ್ಲ ಇರುವ ಹೋಟ್ಲನ್ನು ಬೇಲಿಯ ಈಚೆ ನಿಂತು ವಿವರಿಸುವುದು ಸುಲಭವಲ್ಲ. ಅಕ್ಕ ಮಾತ್ರ ಬಿಡುವವಳಲ್ಲ. ಬಾಗಿಲಿಂದ ಶುರು ಮಾಡಿಸಿದಳು.

ಹಾಗಾಗಿ ಬಾಗಿಲಿಂದಲೇ ಹೇಳಿದೆ. ಗಾಜಿನ ಬಾಗಿಲು, ಅದರಾಚೆ ಮೂರು ಅಂತಸ್ತಿನಷ್ಟು ಎತ್ತರದ ಹಜಾರ. ಅದಕ್ಕೆ ಲಾಬಿ ಅನ್ನುತ್ತಾರೆ. ಕಾಲಡಿಗೆ ಮುಖ ಕಾಣುವಂಥ ಕಲ್ಲು. ಒಳಗೆ ಕಾಲಿಟ್ಟ ಕೂಡಲೇ ಒಂದು ಪರಿಮಳ, ಎಲ್ಲಿಂದ ಬರುತ್ತದೆ ಅಂತ ಹುಡುಕಿದರೂ ಸಿಗುವುದಿಲ್ಲ, ಎ.ಸಿ. ಗಾಳಿಯ ಜೊತೆಗೇ ಬಿಡುತ್ತಾರಂತೆ. ದೀಪದ ಬೆಳಕು ಚಿಮಣಿ ದೀಪದ ಹಾಗೆ ಹಳದಿ. ಹಗಲಿನ ಬೆಳಕು ಸುಮಾರು 5,500 ಕೆಲ್ವಿನ್ ಲೆಕ್ಕದ್ದಾದರೆ, ಅಂಥ ಜಾಗದಲ್ಲಿ 2,700 ಕೆಲ್ವಿನ್ ಸುತ್ತಲಿನ ಬಲ್ಬು ಹಾಕುತ್ತಾರೆ. ಬೆಂಕಿ ಹತ್ತಿರ ಕೂತ ಹಾಗೆ ಮೈಮನಸ್ಸು ಸಡಿಲವಾಗಲಿ ಅಂತ. ಮೇಲೆ ಕೋಣೆಗಳ ಸಾಲಿನ ಓಣಿಯಲ್ಲಿ ದಪ್ಪ ಜಮಖಾನ ಹಾಸಿದ್ದಾರೆ. ನಡೆದ ಸದ್ದು, ಪೆಟ್ಟಿಗೆ ಎಳೆದ ಸದ್ದು ಮಲಗಿದವರ ಕಿವಿಗೆ ಬೀಳಬಾರದಲ್ಲ. ಕೋಣೆಯ ಒಳಗೆ ಹೋದರೆ ಒಂದು ಕಾರ್ಡನ್ನು ಗೋಡೆಯ ಸೀಳಿಗೆ ಸಿಕ್ಕಿಸಬೇಕು, ಆಗಲೇ ದೀಪ ಹತ್ತುವುದು.

"ಕಿಟಕಿ?" ಅಂದಳು.

"ಇದೆ. ಗೋಡೆಯಷ್ಟು ಅಗಲ. ತೆಗೆಯಲಿಕ್ಕೆ ಬರುವುದಿಲ್ಲ."

ಅಕ್ಕನ ಕೈ ನಿಂತಿತು. "ತೆಗಿಯಕ್ಕೆ ಬರದ ಕಿಟಕಿ ಯಾಕೆ ಇಟ್ರು?"

ಎತ್ತರದ ಕಟ್ಟಡ, ಯಾರಾದರೂ ಬಿದ್ದಾರು ಅನ್ನುವ ಅಂಜಿಕೆ, ತೆರೆದರೆ ಎ.ಸಿ. ವ್ಯರ್ಥ, ರಸ್ತೆಯ ಗದ್ದಲ. ಕಾರಣ ಒಂದೊಂದೂ ಸರಿಯೇ. ಆದರೆ ಎರಡು ರಾತ್ರಿ ಆ ಕೋಣೆಯಲ್ಲಿ ಮಲಗಿ ಬಂದವನಿಗೆ ಅಕ್ಕನ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಹೊರಗೆ ಮಳೆ ಬಂದು ಹೋಗಿತ್ತು, ನನಗೆ ಬೆಳಿಗ್ಗೆ ಕಾರಿನ ಮೇಲಿನ ಹನಿ ನೋಡಿಯೇ ಗೊತ್ತಾದದ್ದು. ನಮ್ಮಲ್ಲಿ ಮಳೆ ಬಂದರೆ ಮೊದಲು ಹಂಚು ಹೇಳುತ್ತದೆ, ಆಮೇಲೆ ಅಂಗಳ ಹೇಳುತ್ತದೆ.

ಎಲ್ಲ ದೊಡ್ಡ ಹೋಟ್ಲುಗಳೂ ಹೀಗೆ ಮುಚ್ಚಿಕೊಂಡಿಲ್ಲ ಅಂತಲೂ ಅಕ್ಕನಿಗೆ ಹೇಳಿದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯಲ್ಲಿ 2009ರಲ್ಲಿ ಶುರುವಾದ ಐಟಿಸಿ ಗಾರ್ಡೇನಿಯಾದ ಲಾಬಿಗೆ ಎ.ಸಿ. ಇಲ್ಲ. ಗಾಳಿ ಆಡಲಿ ಅಂತ ತೆರೆದೇ ಕಟ್ಟಿದ್ದಾರೆ, ಗೋಡೆಯ ಮೇಲೆ ಗಿಡ ಬೆಳೆಸಿದ್ದಾರೆ. ಪರಿಸರಕ್ಕೆ ಹೊರೆಯಾಗದ ಕಟ್ಟಡಗಳಿಗೆ ಕೊಡುವ ಲೀಡ್ ಪ್ಲಾಟಿನಂ ಮನ್ನಣೆ ಅದಕ್ಕಿದೆ. ಅಕ್ಕ ಕೇಳಿಸಿಕೊಂಡು, "ಅದು ಜಗುಲಿ ಅಲ್ಲನಾ" ಅಂದಳು. ಹೌದು, ಜಗುಲಿಯೇ. ಬಂದವನು ಚಪ್ಪಲಿ ಬಿಟ್ಟು, ಕಾಲು ತೊಳೆದು, ಕೂತು ನೀರು-ಬೆಲ್ಲ ಬಾಯಿಗೆ ಹಾಕುವ ತನಕ ಮನೆಯ ಒಳಗೂ ಅಲ್ಲ ಹೊರಗೂ ಅಲ್ಲ ಅನ್ನುವ ಜಾಗದಲ್ಲಿ ಇರುತ್ತಾನೆ. ಗಾಳಿ ಇರುತ್ತದೆ, ನೆರಳೂ ಇರುತ್ತದೆ. ಯಾರು ಬಂದರು ಅಂತ ಒಳಗಿನವರಿಗೆ ಕಾಣುತ್ತದೆ, ಒಳಗೇನಿದೆ ಅಂತ ಬಂದವನಿಗೆ ಕಾಣುವುದಿಲ್ಲ. ಲಾಬಿಯ ಕೆಲಸವೂ ಇಷ್ಟೇ. ಅಮೆರಿಕದ ಅಟ್ಲಾಂಟಾದಲ್ಲಿ ಜಾನ್ ಪೋರ್ಟ್‌ಮನ್ ಅನ್ನುವ ವಾಸ್ತುಶಿಲ್ಪಿ 1967ರಲ್ಲಿ ಹಯಾತ್ ರೀಜೆನ್ಸಿ ಹೋಟ್ಲಿನ ನಡುವೆ 22 ಅಂತಸ್ತಿನ ಎತ್ತರಕ್ಕೆ ಬಯಲು ಬಿಟ್ಟ. ಆಮೇಲೆ ಲೋಕದ ಎಷ್ಟೋ ದೊಡ್ಡ ಹೋಟ್ಲುಗಳು ಅದೇ ದಾರಿ ಹಿಡಿದವು. ಎತ್ತರ ಬಂತು, ಬೆರಗು ಬಂತು. ಕೂತು ಮಾತಾಡಬೇಕು ಅನ್ನಿಸುವ ಹತ್ತಿರತನ ಮಾತ್ರ ಎಲ್ಲ ಕಡೆ ಬರಲಿಲ್ಲ ಅಂತ ನನ್ನ ಎಣಿಕೆ.

ಅಕ್ಕನಿಗೆ ಹೆಚ್ಚು ಕುತೂಹಲ ಮರದ್ದು. ಅವಳ ಕಿರಿಮಗ ಬೆಂಗಳೂರಲ್ಲಿ ಇಂಟೀರಿಯರ್ ಕೆಲಸಕ್ಕಿದ್ದಾನೆ. ಪ್ಲೈವುಡ್ಡು, ಜಿಪ್ಸಂ ಹಲಗೆ, ಫಾಲ್ಸ್ ಸೀಲಿಂಗು ಅವನ ದಿನದ ಮಾತು. ಲಾಬಿಯ ಗೋಡೆಯೆಲ್ಲ ಸಾಗುವಾನಿ ಅಂತ ನಾನು ಬೆರಗಾದದ್ದನ್ನು ಹೇಳಿದಾಗ ಅವಳೇ ತಿದ್ದಿದಳು. "ಅದು ವಿನಿಯರು. ನಮ್ಮ ಮಗ ಹೇಳ್ತಿರ್ತಾನೆ. ಈರುಳ್ಳಿ ಸಿಪ್ಪೆ ಹಂಗೆ ಮರ ಸುಲಿದು ಪ್ಲೈವುಡ್ ಮೇಲೆ ಅಂಟಿಸೋದು." ಸರಿಯೇ. ಅರ್ಧ ಮಿಲಿಮೀಟರಿನಷ್ಟು ತೆಳ್ಳಗಿನ ಪದರ. ಒಂದು ದಿಮ್ಮಿಯಲ್ಲಿ ಒಂದು ದೊಡ್ಡ ಹಜಾರದ ಗೋಡೆ ಮುಚ್ಚಿಹೋಗುತ್ತದೆ. ಕಾಡು ಉಳಿಯುವ ಲೆಕ್ಕದಲ್ಲಿ ಅದು ಒಳ್ಳೆಯದೇ, ನನಗೆ ಅದರ ಮೇಲೆ ಸಿಟ್ಟಿಲ್ಲ. ನಮ್ಮ ಜಿಲ್ಲೆಯ ದಾಂಡೇಲಿಯಲ್ಲೇ ಪ್ಲೈವುಡ್ ಕಾರ್ಖಾನೆ ಇತ್ತು, ಈ ಸೀಮೆಯ ಮರ ಹೀಗೆ ಪದರಾಗಿ ಊರೂರಿಗೆ ಹೋದದ್ದು ಹೊಸ ಕತೆಯಲ್ಲ.

ಆದರೆ ಮುಚ್ಚಿಗೆಯ ಮಾತು ಬಂದಾಗ ಇಬ್ಬರಿಗೂ ಮನಸ್ಸು ಭಾರವಾಯಿತು. ಹಂಚಿನ ಕೆಳಗೆ ಹಲಗೆ ಜೋಡಿಸಿ ಮುಚ್ಚಿಗೆ ಹೊಡೆಯುತ್ತಿದ್ದರು. ಬಿಸಿಲ ಝಳ ಅಲ್ಲೇ ತಡೆಯುತ್ತಿತ್ತು, ಮೇಲೆ ಮೆತ್ತಿನಲ್ಲಿ ಅಡಕೆಯೋ ಭತ್ತವೋ ಇರುತ್ತಿತ್ತು. ಕೆಳಗೆ ಮಲಗಿ ನೋಡಿದರೆ ಹಲಗೆಯ ಗಂಟು, ನರ ಕಾಣುತ್ತಿದ್ದವು. ಮಗುವಾಗಿದ್ದಾಗ ಆ ಗಂಟುಗಳಲ್ಲಿ ಹುಲಿ, ಆನೆ ಹುಡುಕುತ್ತ ನಿದ್ದೆ ಹೋದವರು ನಾವು. ಹೋಟ್ಲಿನ ಫಾಲ್ಸ್ ಸೀಲಿಂಗಿನ ಮೇಲೆ ಎ.ಸಿ. ಕೊಳವೆ, ಬೆಂಕಿ ಬಿದ್ದರೆ ನೀರು ಚಿಮ್ಮುವ ಪೈಪು, ವಯರು ಎಲ್ಲ ಓಡಾಡುತ್ತವೆ. ಅದೂ ಬೇಕಾದ ಕೆಲಸವೇ. ಮಲಗಿ ನೋಡಿದರೆ ಮಾತ್ರ ಬಿಳಿ ಬಯಲು, ನಡುವೆ ಹೊಗೆ ಹಿಡಿಯುವ ಯಂತ್ರದ ಕೆಂಪು ಚುಕ್ಕಿ.

ಇನ್ನು ಗೋಡೆಯ ವಿಚಾರ. ನಾನು ಬೇಲಿಗೆ ಬಂದದ್ದೇ ಅದಕ್ಕೆ. ಆ ಹೋಟ್ಲಿನ ಲಾಬಿಯಲ್ಲಿ, ಚೀಟಿ ಬರೆಸುವ ಮೇಜಿನ ಹಿಂದೆ, ಕೆಂಪು ಗೋಡೆಯ ತುಂಬ ಬಿಳಿಯ ಹಸೆ ಚಿತ್ತಾರ ಇತ್ತು. ನೋಡಿದ ಕೂಡಲೇ ಎದೆ ಝುಮ್ಮೆಂದಿತು. ನಮ್ಮ ಸಾಗರ, ಸೊರಬ, ಸಿದ್ದಾಪುರ, ಸಿರಸಿ ಕಡೆಯ ದೀವರ ಮನೆಯ ಹೆಂಗಸರು ಮದುವೆಗೆ ಬರೆಯುವ ಚಿತ್ತಾರ ಅಷ್ಟು ದೊಡ್ಡ ಗೋಡೆಯ ಮೇಲೆ! ಫೋಟೋ ತೆಗೆದುಕೊಂಡು ಬಂದಿದ್ದೆ. ಅಕ್ಕನ ತವರು ಸೊರಬದ ಕಡೆ. ಹನ್ನೆರಡನೇ ವಯಸ್ಸಿಗೇ ಅಜ್ಜಿಯ ಜೊತೆ ಹಸೆಗೋಡೆಗೆ ಕೂತವಳು ಅವಳು.

ಅಕ್ಕ ಸೆರಗಿಗೆ ಕೈ ಒರೆಸಿ ಫೋನು ತೆಗೆದುಕೊಂಡಳು. ಆದರೂ ಗಾಜಿನ ಮೇಲೆ ಕೆಮ್ಮಣ್ಣಿನ ಬೆರಳಚ್ಚು ಬಿತ್ತು. ಮೊದಲು ದೂರ ಹಿಡಿದು ನೋಡಿದಳು, ಮುಖ ಅರಳಿತು. "ಜೋಗಿಜಡೆ ಹಾಕಿದಾರೆ ನೋಡು!" ಆಮೇಲೆ ಮೊಮ್ಮಗಳು ಕಲಿಸಿದ ಹಾಗೆ ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿದಳು. ತುಟಿಯಲ್ಲೇ ಎಳೆ ಎಣಿಸಿದಳು. ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋದಳು. ತುಂಬ ಹೊತ್ತು ಮಾತಿಲ್ಲ.

"ಇಲ್ಲಿ ಎಳೆ ಕಡಿದೈತೆ ತಮ್ಮಾ."

ತೋರಿಸಿದಳು. ಐದು ಎಳೆ ಜೊತೆಜೊತೆಯಾಗಿ ಬರುತ್ತ ಬರುತ್ತ ಒಂದು ಗೆರೆಯ ಹತ್ತಿರ ನಿಂತುಬಿಟ್ಟಿದ್ದವು. ಆಚೆ ಬದಿಯಲ್ಲಿ ಬೇರೆ ಐದು, ಅರ್ಧ ಬೆರಳು ಕೆಳಗಿಂದ ಹೊರಟಿದ್ದವು. ಆಗ ನನಗೆ ಹೊಳೆಯಿತು. ಅದು ಬರೆದದ್ದಲ್ಲ. ಅಚ್ಚು ಹಾಕಿಸಿದ ಹಾಳೆ, ಪಟ್ಟಿಪಟ್ಟಿಯಾಗಿ ಅಂಟಿಸಿದ್ದು. ಅಂಟಿಸುವವನ ಕೈ ಒಂದು ಜೋಡಣೆಯಲ್ಲಿ ಜಾರಿದೆ. ಅದೇ ಗೋಡೆಯ ಮುಂದೆ ಎರಡು ದಿನ ಓಡಾಡಿದ ನನಗಾಗಲಿ, ನೂರಾರು ನೆಂಟರಿಗಾಗಲಿ ಅದು ಕಾಣಲಿಲ್ಲ. ದಾಸನಕೊಪ್ಪದ ಕಟ್ಟೆಯ ಮೇಲೆ ಕೂತವಳಿಗೆ ಅಂಗೈಯಗಲದ ಪರದೆಯಲ್ಲಿ ಕಂಡಿತು.

"ಮದುವೆ ಗೋಡೇಲಿ ನಾವು ಹಿಂಗೆ ಬಿಡಲ್ಲ. ಎಳೆ ಹೊರಟಿದ್ದು ಎಲ್ಲಿಗಾದ್ರೂ ಹೋಗಿ ಸೇರಬೇಕು."

ಅವಳ ದನಿಯಲ್ಲಿ ಕೋಪ ಇರಲಿಲ್ಲ, ನೋವಿತ್ತು. ನನಗೆ ಕೋಪ ಬಂತು. ಹಸೆ ಅಂದರೆ ಅಲಂಕಾರಕ್ಕೆ ಗೀಚಿದ್ದಲ್ಲ. ಮದುಮಕ್ಕಳನ್ನು ಕೂರಿಸುವ ಗೋಡೆ ಅದು. ಕೆಮ್ಮಣ್ಣು ಬಳಿದು ಗೋಡೆ ಹದ ಮಾಡಬೇಕು. ಅಕ್ಕಿ ನೆನೆಸಿ ಅರೆದರೆ ಬಿಳಿ, ಅಕ್ಕಿಯನ್ನೇ ಕರ್ರಗೆ ಹುರಿದು ನೆನೆಸಿ ಅರೆದರೆ ಕಪ್ಪು, ಗುರಿಗೆ ಕಾಯಿಯ ಬೀಜದಿಂದ ಹಳದಿ. ಅಳತೆಪಟ್ಟಿ ಇಲ್ಲ, ಪೆನ್ಸಿಲ್ ಗುರುತಿಲ್ಲ. ಹಾಡು ಹೇಳುತ್ತ, ಉಸಿರು ಬಿಗಿಹಿಡಿದು ಎಳೆ ಇಳಿಸುತ್ತಾರೆ. ಮತ್ತೆ ನೋಡಿ, ಅವರು ಬಿಡಿಸುತ್ತೇವೆ ಅನ್ನುವುದಿಲ್ಲ, ಬರೆಯುತ್ತೇವೆ ಅನ್ನುತ್ತಾರೆ. ಆ ಗೋಡೆಯಲ್ಲಿ ಬರೆದವಳ ಹೆಸರು ಇರುವುದಿಲ್ಲ; ಆದರೆ ಊರಿನವರು ಎಳೆ ನೋಡಿಯೇ ಇದು ಇಂಥವಳ ಕೈ ಅಂತ ಹೇಳುತ್ತಾರೆ. ಅಂಥದ್ದನ್ನು ಫೋಟೋ ಹಿಡಿದು, ಹಿಗ್ಗಿಸಿ, ಪ್ಲಾಸ್ಟಿಕ್ ಹಾಳೆಗೆ ಒತ್ತಿ ಅಂಟಿಸಿದರೆ ಬರೆದವಳಿಗೆ ಏನು ಬಂತು? ಕೇಳುವವರು ಯಾರು?

ಹೋಟ್ಲು ಕಟ್ಟುವವರ ಕಷ್ಟವನ್ನೂ ನಾನು ಅಲ್ಲಗಳೆಯುವುದಿಲ್ಲ. ಮಣ್ಣಿನ ಗೋಡೆ ಉದುರುತ್ತದೆ, ಪೆಟ್ಟಿಗೆ ತಾಗಿದರೆ ಗೀಚು ಬೀಳುತ್ತದೆ, ದಿನಾ ಒರೆಸಲಿಕ್ಕೆ ಆಗುವುದಿಲ್ಲ. ಒಂದೇ ಕಂಪನಿಯ ಹೋಟ್ಲಿಗೆ ಎಲ್ಲ ಊರಲ್ಲೂ ಒಂದೇ ನಿಯಮ. ಹಾಸಿಗೆ ಎಷ್ಟಡಿ, ದೀಪ ಎಲ್ಲಿ, ಜಮಖಾನ ಯಾವ ದಪ್ಪ ಅನ್ನುವುದೆಲ್ಲ ಪುಸ್ತಕದಲ್ಲಿ ಬರೆದಿರುತ್ತದೆ. ಊರಿನ ಗುರುತಿಗೆ ಉಳಿಯುವ ಜಾಗ ಒಂದೇ ಗೋಡೆ. ಆ ಒಂದು ಗೋಡೆಯನ್ನಾದರೂ ಊರಿನ ಕೈಗೆ ಕೊಡಬಹುದಲ್ಲ ಅನ್ನುವುದೇ ನನ್ನ ಸಂಕಟ.

ಕೊಟ್ಟವರಿದ್ದಾರೆ. ಶ್ರೀಲಂಕಾದ ದಂಬುಲ್ಲ ಹತ್ತಿರ ವಾಸ್ತುಶಿಲ್ಪಿ ಜೆಫ್ರಿ ಬಾವಾ 1994ರಲ್ಲಿ ಕಂದಲಮ ಹೋಟ್ಲು ಕಟ್ಟಿದಾಗ ಅಲ್ಲಿದ್ದ ಬಂಡೆಯನ್ನು ಒಡೆಯಲಿಲ್ಲ, ಓಣಿಯ ಒಳಗೇ ಬಿಟ್ಟುಕೊಂಡ. ಮೆಟ್ಟಿಲ ಮೇಲೆ ರೆಕ್ಕೆ ಹರಡಿದ ದೊಡ್ಡ ಗೂಬೆಯನ್ನು ಆ ದೇಶದವನೇ ಆದ ಲಕಿ ಸೇನಾನಾಯಕ ಲೋಹದಲ್ಲಿ ಮಾಡಿ ಕೂರಿಸಿದ. ನಮ್ಮ ಮೈಸೂರಿನ ಲಲಿತ ಮಹಲ್ ಬೇರೆ ಥರದ್ದು. ವೈಸರಾಯ್ ಬಂದರೆ ಇಳಿಯಲಿಕ್ಕೆ ಅಂತ ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಅಡಿಗಲ್ಲು ಹಾಕಿದ್ದು, ನಕ್ಷೆ ಮಾಡಿದವರು ಫ್ರಿಚ್ಲೆ. ಇಟಲಿಯ ಅಮೃತಶಿಲೆಯ ಮೆಟ್ಟಿಲು, ಬಣ್ಣದ ಗಾಜಿನ ಗುಮ್ಮಟ. 1974ರಲ್ಲಿ ಅದು ಹೋಟ್ಲಾಯಿತು. ಅಲ್ಲಿನ ಬೆಡಗೆಲ್ಲ ಹೊರಗಿನಿಂದ ತಂದದ್ದೇ. ಆದರೂ ಮೆಟ್ಟಿಲ ಕೈಪಿಡಿಯ ಮೇಲೆ ಕೈಯಿಟ್ಟರೆ ಮನುಷ್ಯರು ಕೆತ್ತಿ ಉಜ್ಜಿದ್ದು ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ.

ಅಷ್ಟು ದೂರ ಯಾಕೆ? ನಮ್ಮ ಸಿರಸಿ ಮಾರಿಕಾಂಬೆಯ ಗುಡಿ 1688ರದ್ದು. ಅಲ್ಲಿನ ಗೋಡೆಯ ಕಾವಿ ಕಲೆಯನ್ನು ಜಾತ್ರೆಗೆ ಹೋದಾಗ ಎಷ್ಟು ಜನ ನಿಂತು ನೋಡುತ್ತೇವೆ? ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಗಾರೆ ಎಳೆದು, ಹಸಿಯಿರುವಾಗಲೇ ಉಳಿಯಿಂದ ಕೆರೆದು, ಕೆಳಗಿನ ಬಿಳಿಯನ್ನು ಎಬ್ಬಿಸುವ ಕೆಲಸ. ಬಣ್ಣ ಗೋಡೆಯ ಮೈಯಲ್ಲೇ ಇರುವುದರಿಂದ ಒರೆಸಿದರೆ ಹೋಗುವುದಿಲ್ಲ. ಒರೆಸಿದರೂ ನಿಲ್ಲುವ ಗೋಡೆ ಬೇಕು ಅನ್ನುವ ಹೋಟ್ಲಿನವರಿಗೆ ಇದಕ್ಕಿಂತ ಏನು ಬೇಕು! ಕೆತ್ತನೆ ಬೇಕೆಂದರೆ ಸಿರಸಿ, ಸಾಗರದ ಗುಡಿಗಾರರು ಇದ್ದಾರೆ. ಗಂಧದ ಪೆಟ್ಟಿಗೆಯ ಮೇಲೆ ಬಳ್ಳಿ ಬಿಡಿಸುವ ಕೈಗೆ ಒಂದು ಬಾಗಿಲು ಕೊಟ್ಟರೆ ಆಗದೇ?

ಹಸೆಯ ಗೋಡೆ ಮಾಸುತ್ತದೆ, ನಿಜ. ಮಾಸಲಿ ಬಿಡಿ. ದೊಡ್ಡ ಹೋಟ್ಲುಗಳು ಐದಾರು ವರ್ಷಕ್ಕೊಮ್ಮೆ ಪರದೆ, ಜಮಖಾನ, ಕುರ್ಚಿಯ ಬಟ್ಟೆ ಎಲ್ಲ ಕಿತ್ತು ಹೊಸದು ಮಾಡುತ್ತವೆ. ಆ ಲೆಕ್ಕದಲ್ಲಿ ಈ ಸೀಮೆಯ ನಾಲ್ಕು ಹೆಂಗಸರನ್ನು ವರ್ಷಕ್ಕೊಮ್ಮೆ ಕರೆಸಿ, ಹೋಗಿಬರುವ ಖರ್ಚು, ಒಳ್ಳೆಯ ಕೂಲಿ, ಇರಲಿಕ್ಕೆ ಅದೇ ಹೋಟ್ಲಿನ ಕೋಣೆ ಕೊಟ್ಟು, ಗೋಡೆಯನ್ನು ಹೊಸದಾಗಿ ಬರೆಸಿದರೆ ಭಾರವಾಗಲಿಕ್ಕಿಲ್ಲ. ಅವರು ಬರೆಯುವಾಗ ಬಂದ ಅತಿಥಿಗಳು ನಿಂತು ನೋಡಲಿ, ಹಾಡು ಕೇಳಲಿ. ಗೋಡೆಯ ಮೂಲೆಯಲ್ಲಿ ಆ ವರ್ಷ ಬರೆದವರ ಹೆಸರು, ಊರು ಇರಲಿ. ಇದನ್ನೇ ಅಕ್ಕನಿಗೆ ಹೇಳಿದೆ, ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಬೇಲಿಯ ಮೇಲಿದ್ದ ಪಿಕಳಾರ ಹಾರಿಹೋಯಿತು.

ಅಕ್ಕ ಫೋನು ವಾಪಸು ಕೊಟ್ಟು ಕುಂಚ ಎತ್ತಿಕೊಂಡಳು. ದೊಡ್ಡ ಬುಟ್ಟಿಯ ಕಂಠದ ಸುತ್ತ ಬಿಟ್ಟಿದ್ದ ಎಳೆಯನ್ನು ಮುಂದುವರಿಸಿದಳು. ನಾರಿನ ತುದಿ ಬಿದಿರಿನ ಹೆಣಿಗೆಯ ಏರಿಗೆ ಏರಿ, ಇಳಿವಿಗೆ ಇಳಿದು ಸಾಗಿತು. ಬೆರಳು ಅದುರಲಿಲ್ಲ. ಹೊರಟ ಜಾಗಕ್ಕೇ ಬಂದು ಎಳೆ ಸೇರಿಕೊಂಡಿತು. ಆಮೇಲೆ ತಲೆ ಎತ್ತದೆ ಕೇಳಿದಳು.

"ಆ ಗೋಡೆ ಎಷ್ಟೆತ್ತರ ಇತ್ತು?"

"ಹದಿನೈದಡಿ ಇರಬಹುದು. ಅಗಲ ಇಪ್ಪತ್ತೈದು."

"ಸುಣ್ಣದ ಗಾರೆನಾ, ಸಿಮೆಂಟಾ?"

"ಸಿಮೆಂಟು."

"ಸಿಮೆಂಟಿಗೆ ಕೆಮ್ಮಣ್ಣು ಹಂಗೇ ಹಿಡಿಯಲ್ಲ. ಒಂದು ಕೈ ಸಗಣಿ ಬಳಿಯಕ್ಕೆ ಬಿಡಬೇಕು ಅವ್ರು." ಕುಂಚವನ್ನು ಬಿಳಿಯ ಚಿಪ್ಪಿನಲ್ಲಿ ಅದ್ದಿ, ಅಂಚಿಗೆ ಒರೆಸಿ, ಬೆರಳು ಮಡಿಸಿ ಎಣಿಸಿದಳು. "ತವರಿಂದ ನಮ್ಮ ತಂಗಿ, ಅವಳ ಸೊಸೆ, ನಾನು, ಇನ್ನೊಬ್ಳು. ಎರಡು ಏಣಿ ಬೇಕು. ಅಕ್ಕಿ ನಾಲ್ಕು ಸೇರು. ಎಂಟು ದಿನದಲ್ಲಿ ಬರಿಬೋದು."

ಆಮೇಲೆ ನೆನಪಾದ ಹಾಗೆ ಮತ್ತೆ ಕೇಳಿದಳು: "ಆ ಕೋಣೆ ಕಿಟಕಿ, ಒಂದಾದ್ರೂ ತೆಗಿಯಂಗೆ ಮಾಡಿ ಕೊಡ್ತಾರನಾ?"